ಗ್ರಂಥಾಲಯದಲ್ಲಿ ಕುರ್ಚಿ ಸಿಗುತ್ತಿಲ್ಲ, ಪುಸ್ತಕ ಕೇಳುವವರಿಲ್ಲ: ಯಾಕೆ ಹೀಗೆ?

ಸಾರ್ವಜನಿಕ ಗ್ರಂಥಾಲಯಗಳ ಬಗ್ಗೆ ಬರುವ ಸುದ್ದಿಗಳನ್ನು ಓದಿದರೆ ಗೊಂದಲ ಆಗುವುದು ಸಹಜ. ಮೊಬೈಲ್ ಬಂದ ಮೇಲೆ ಗ್ರಂಥಾಲಯಗಳು ಬಿಕೋ ಎನ್ನುತ್ತಿವೆ ಎಂದು ಒಂದು ದಿನ ವರದಿ ಬರುತ್ತದೆ. ಮತ್ತೊಂದು ದಿನ, ಜಿಲ್ಲಾ ಗ್ರಂಥಾಲಯದಲ್ಲಿ ಜಾಗ ಸಿಗದೆ ವಿದ್ಯಾರ್ಥಿಗಳು ಮೆಟ್ಟಿಲ ಮೇಲೆ ಕೂತು ಓದುತ್ತಿರುವ ಫೋಟೊ. ಹಳ್ಳಿಯ ಗ್ರಂಥಾಲಯಕ್ಕೆ ಹೊಸ ಬಣ್ಣ, ಕಂಪ್ಯೂಟರ್ ಬಂತು ಎಂಬ ಖುಷಿಯ ಸುದ್ದಿಯೂ ಇರುತ್ತದೆ. ಅದರ ಪಕ್ಕದಲ್ಲೇ, ಬೆಂಗಳೂರಿನಲ್ಲಿ ಗ್ರಂಥಾಲಯ ಸೆಸ್ (ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯಕ್ಕೆಂದು ಜನ ಕಟ್ಟುವ ಹಣ) ನೂರಾರು ಕೋಟಿ ರೂಪಾಯಿ ಬಾಕಿ ಎಂಬ ಸುದ್ದಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು. ಈಗ ಆ ಬಾಕಿ ಯಾರ ತಲೆಗೆ ಎಂಬ ಪ್ರಶ್ನೆಯೂ ಸೇರಿಕೊಂಡಿದೆ.

ಒಂದಕ್ಕೊಂದು ಹೊಂದುವುದಿಲ್ಲ ಅನ್ನಿಸಿದರೂ ಇವೆಲ್ಲವೂ ನಿಜ. ಹುಡುಗ ಹುಡುಗಿಯರು ಗ್ರಂಥಾಲಯಕ್ಕೆ ಬರುತ್ತಿದ್ದಾರೆ. ಆದರೆ ಅಲ್ಲಿರುವ ಪುಸ್ತಕಕ್ಕಾಗಿ ಬರುತ್ತಿಲ್ಲ. ಇದಕ್ಕೆ ಮೊಬೈಲನ್ನು ಬೈದು ಸುಮ್ಮನಾಗುವುದು ಸುಲಭ. ಅದರ ಬದಲು ಗ್ರಂಥಾಲಯಕ್ಕೆ ಹಣ ಎಲ್ಲಿಂದ ಬರುತ್ತದೆ, ಪುಸ್ತಕ ಯಾರು ಆರಿಸುತ್ತಾರೆ, ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ ಎಂದು ನೋಡಿದರೆ ಉತ್ತರ ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ.

ಬರುವವರು ಯಾರು, ಬಾರದವರು ಯಾರು

ನಗರಗಳ ವಾಚನಾಲಯ ತುಂಬಿಸಿರುವವರು ಮುಖ್ಯವಾಗಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ, ಬ್ಯಾಂಕ್, ರೈಲ್ವೆ ಹೀಗೆ ಪಟ್ಟಿ ಉದ್ದ ಇದೆ. ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರದಂಥ ಕಡೆ ಇವರಿಗಾಗಿಯೇ ಕೋಚಿಂಗ್ ಸೆಂಟರ್, ಪಿಜಿ, ಜೆರಾಕ್ಸ್ ಅಂಗಡಿಗಳ ಒಂದು ಲೋಕವೇ ಬೆಳೆದಿದೆ. ಇವರು ಪುಸ್ತಕ, ನೋಟ್ಸ್ ಎರಡನ್ನೂ ತಾವೇ ತರುತ್ತಾರೆ. ಗ್ರಂಥಾಲಯದಿಂದ ಅವರಿಗೆ ಬೇಕಿರುವುದು ಕುರ್ಚಿ, ಬೆಳಕು, ಫ್ಯಾನು, ಕುಡಿಯುವ ನೀರು, ಶೌಚಾಲಯ. ಒಂದು ಕೋಣೆಯಲ್ಲಿ ನಾಲ್ಕು ಜನ ಇರುವ ಪಿಜಿಯಲ್ಲಿ ಇದು ಸಿಗುವುದಿಲ್ಲ.

ಸರ್ಕಾರಿ ಗ್ರಂಥಾಲಯದಲ್ಲಿ ಜಾಗ ಸಾಲದೆ ಹೋದಾಗ ಖಾಸಗಿ ಸ್ಟಡಿ ರೂಮುಗಳು ಹುಟ್ಟಿಕೊಂಡವು. ಒಬ್ಬೊಬ್ಬರಿಗೆ ಒಂದು ಮೇಜು, ವೈಫೈ, ಫೋನ್ ಚಾರ್ಜ್ ಮಾಡಲು ಪ್ಲಗ್, ತಿಂಗಳಿಗಿಷ್ಟು ಶುಲ್ಕ. ಊರಿನಿಂದ ತಂದೆ ತಾಯಿ ಕಳಿಸುವ ಹಣದಲ್ಲಿ ಈ ಶುಲ್ಕ ಕಟ್ಟುತ್ತಾರೆ. ಇಂಟರ್‌ನೆಟ್ ಕಾಲದಲ್ಲಿ ಗ್ರಂಥಾಲಯ ಯಾರಿಗೆ ಬೇಕು ಎಂದು ಕೇಳುವವರು ಈ ಸ್ಟಡಿ ರೂಮುಗಳನ್ನೊಮ್ಮೆ ನೋಡಬೇಕು. ಕೂತು ಓದುವ ಒಂದು ಜಾಗಕ್ಕೆ ಇಪ್ಪತ್ತು ದಾಟಿದ ಮಕ್ಕಳು ಕೈಯಿಂದ ದುಡ್ಡು ಕೊಡುತ್ತಿದ್ದಾರೆ.

ಬಾರದವರ ಪಟ್ಟಿಯೂ ಮುಖ್ಯ. ಹತ್ತರಿಂದ ಹದಿನೇಳರ ವಯಸ್ಸಿನ ಮಕ್ಕಳು ನಗರದ ಶಾಖಾ ಗ್ರಂಥಾಲಯಗಳಲ್ಲಿ ಅಪರೂಪ. ಕಾದಂಬರಿ ಓದುವ ಆಸೆ ಇರುವ ಕಾಲೇಜು ಹುಡುಗಿ ಬರುವುದಿಲ್ಲ. ಕೆಲಸಕ್ಕೆ ಹೋಗುವ ಯುವಕರು ಬರುವುದಿಲ್ಲ. ಅನೇಕ ಶಾಖಾ ಗ್ರಂಥಾಲಯಗಳು ಬೆಳಿಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ಮಾತ್ರ ತೆರೆದಿರುತ್ತವೆ. ಆ ವೇಳೆಗೆ ಇವರು ಕಾಲೇಜಿನಲ್ಲೋ ಆಫೀಸಿನಲ್ಲೋ ಬಸ್ಸಿನಲ್ಲೋ ಇರುತ್ತಾರೆ. ಪುಸ್ತಕ ಮನೆಗೆ ಒಯ್ಯಬೇಕಾದರೆ ಠೇವಣಿ, ವಿಳಾಸದ ದಾಖಲೆ ಕೊಡಬೇಕು. ಬೇರೆ ಜಿಲ್ಲೆಯಿಂದ ಬಂದು ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ ಸ್ಥಳೀಯ ವಿಳಾಸದ ದಾಖಲೆಯನ್ನು ಎಲ್ಲಿಂದ ತರಬೇಕು?

ಹಾಗಂತ ಇವರೆಲ್ಲ ಓದು ಬಿಟ್ಟವರು ಅಂದುಕೊಳ್ಳಬೇಕಿಲ್ಲ. ಕಬ್ಬನ್ ಪಾರ್ಕಿನಲ್ಲಿ ವಾರಾಂತ್ಯಕ್ಕೆ ಹುಲ್ಲಿನ ಮೇಲೆ ಚಾಪೆ ಹಾಸಿಕೊಂಡು ಮೌನವಾಗಿ ಓದುವ 'ಕಬ್ಬನ್ ರೀಡ್ಸ್' ಗುಂಪು ಶುರುವಾಗಿದ್ದೇ ಈ ವಯಸ್ಸಿನವರಿಂದ. ಅದು ಬೇರೆ ಬೇರೆ ನಗರಗಳಿಗೂ ಹಬ್ಬಿತು. ಅದೇ ಪಾರ್ಕಿನೊಳಗೆ 1915ರ ಕೆಂಪು ಕಟ್ಟಡದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ ಇದೆ. ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ಭಾನುವಾರ ನಡೆದಾಡಲೂ ಜಾಗ ಇರುವುದಿಲ್ಲ. ಕನ್ನಡ ಪುಸ್ತಕಗಳ ಬಗ್ಗೆ ಇನ್‌ಸ್ಟಾಗ್ರಾಮಿನಲ್ಲಿ ಮಾತಾಡುವ ಯುವಕ ಯುವತಿಯರು ಈಗ ಸಾಕಷ್ಟು ಜನ ಇದ್ದಾರೆ.

ಹೊರದೇಶದ ಸಮೀಕ್ಷೆಗಳೂ ಇದನ್ನೇ ಹೇಳುತ್ತವೆ. ಅಮೆರಿಕದಲ್ಲಿ ಪ್ಯೂ ಸಂಶೋಧನಾ ಸಂಸ್ಥೆ 2016ರಲ್ಲಿ ಕೇಳಿದಾಗ, ಆಗ 18ರಿಂದ 35ರ ವಯಸ್ಸಿನವರಲ್ಲಿ ಶೇ 53 ಜನ ಹಿಂದಿನ ಒಂದು ವರ್ಷದಲ್ಲಿ ಸಾರ್ವಜನಿಕ ಗ್ರಂಥಾಲಯ ಬಳಸಿದ್ದರು. ಅವರಿಗಿಂತ ಹಿರಿಯ ತಲೆಮಾರುಗಳಲ್ಲಿ ಈ ಪ್ರಮಾಣ ಕಡಿಮೆ ಇತ್ತು. 2023ರಲ್ಲಿ ಅಲ್ಲಿನ ಗ್ರಂಥಾಲಯ ಸಂಘ ಪ್ರಕಟಿಸಿದ ಅಧ್ಯಯನದಲ್ಲಿ ಇನ್ನೂ ಕುತೂಹಲದ ಒಂದು ಅಂಶ ಇದೆ. 'ನಾನು ಓದುಗ ಅಲ್ಲ' ಎಂದು ಹೇಳಿಕೊಂಡ ಯುವಜನರಲ್ಲೂ ಸುಮಾರು ಅರ್ಧದಷ್ಟು ಜನ ಆ ವರ್ಷ ಗ್ರಂಥಾಲಯಕ್ಕೆ ಹೋಗಿದ್ದರು.

ಇಂಟರ್‌ನೆಟ್ ಏನನ್ನು ಕಿತ್ತುಕೊಂಡಿತು

2016ರಲ್ಲಿ ಮೊಬೈಲ್ ಡೇಟಾ ಅಗ್ಗವಾಗುವ ಮೊದಲು ಗ್ರಂಥಾಲಯಕ್ಕೆ ಕೆಲವು ಖಾತ್ರಿ ಕೆಲಸಗಳಿದ್ದವು. ನಾಲ್ಕಾರು ದಿನಪತ್ರಿಕೆ ಓದುವುದು, ಕೆಲಸಕ್ಕೆ ಕರೆದಿರುವ ಜಾಹೀರಾತು ನೋಡುವುದು, ನಿಘಂಟು ತೆಗೆದು ಅರ್ಥ ಹುಡುಕುವುದು, ಪ್ರಬಂಧಕ್ಕೆ ಮಾಹಿತಿ ಬರೆದುಕೊಳ್ಳುವುದು. ಈ ಕೆಲಸಗಳು ಫೋನಿಗೆ ಹೋದವು. ಮತ್ತೆ ಬರುವುದಿಲ್ಲ. ಇದನ್ನು ಒಪ್ಪಿಕೊಂಡೇ ಮುಂದೆ ಮಾತಾಡಬೇಕು.

ಆದರೆ ಫೋನು ಕೈಗೆ ಬಂದ ತಕ್ಷಣ ಅರಿವು ಬಂದುಬಿಡಲಿಲ್ಲ. ಗ್ರಾಮೀಣ ಭಾರತದ ಮಕ್ಕಳ ಕಲಿಕೆ ಬಗ್ಗೆ ನಡೆಯುವ ಅಸರ್ ಸಮೀಕ್ಷೆಯ 2024ರ ವರದಿ ನೋಡಿ. 14ರಿಂದ 16 ವರ್ಷದವರಲ್ಲಿ ಶೇ 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಸಮೀಕ್ಷೆಯ ಹಿಂದಿನ ವಾರ ಅದನ್ನು ಕಲಿಕೆಗೆ ಬಳಸಿದವರು ಶೇ 57. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಅದೇ ವರದಿಯ ಇನ್ನೊಂದು ಅಂಕಿ ಜಾಸ್ತಿ ಚಿಂತೆ ಹುಟ್ಟಿಸುತ್ತದೆ. ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಅರ್ಧಕ್ಕಿಂತ ಸ್ವಲ್ಪ ಕಡಿಮೆ.

ಎರಡನ್ನೂ ಸೇರಿಸಿ ನೋಡಿದರೆ ಸಮಸ್ಯೆಯ ಆಕಾರ ಕಾಣುತ್ತದೆ. ಸರಾಗವಾಗಿ ಓದಲು ಬಾರದ ಮಗುವಿಗೆ ಉದ್ದದ ಬರಹ ಕಷ್ಟ. ವಿಡಿಯೊ ಸುಲಭ. ವಿಡಿಯೊ ನೋಡಿದಷ್ಟೂ ಓದಿನ ಅಭ್ಯಾಸ ಸಿಗುವುದಿಲ್ಲ. ಅಭ್ಯಾಸ ಇಲ್ಲದ್ದರಿಂದ ಓದು ಇನ್ನಷ್ಟು ಕಷ್ಟವಾಗುತ್ತದೆ. ಈ ಸುತ್ತನ್ನು ಮುರಿಯಲು ಶಾಲೆಯ ಪಠ್ಯಪುಸ್ತಕ ಒಂದೇ ಸಾಲದು. ತನಗಿಷ್ಟವಾದದ್ದನ್ನು, ಯಾರೂ ಪರೀಕ್ಷೆ ಮಾಡದೆ, ಬೇಕಾದಷ್ಟು ಓದುವ ಅವಕಾಶ ಮಗುವಿಗೆ ಬೇಕು. ಮನೆಯಲ್ಲಿ ಪುಸ್ತಕ ಇಲ್ಲದ ಮಕ್ಕಳಿಗೆ ಗ್ರಂಥಾಲಯ ಬಿಟ್ಟರೆ ಈ ಅವಕಾಶ ಸಿಗುವ ಜಾಗ ಬೇರೆ ಎಲ್ಲಿದೆ?

ಏನು ಮಾಡಬೇಕು ಎಂಬಲ್ಲಿ ಭಿನ್ನಾಭಿಪ್ರಾಯ

ಗ್ರಂಥಾಲಯಗಳನ್ನು ಹೊಸ ತಲೆಮಾರಿಗೆ ಹತ್ತಿರ ಮಾಡಬೇಕು ಎಂಬುದರಲ್ಲಿ ತಕರಾರಿಲ್ಲ. ಹೇಗೆ ಎಂಬಲ್ಲಿ ದಾರಿಗಳು ಬೇರೆ ಬೇರೆ. ಮಕ್ಕಳು ಫೋನಿನಲ್ಲಿದ್ದಾರೆ, ಹಾಗಾಗಿ ಗ್ರಂಥಾಲಯವೂ ಫೋನಿಗೆ ಬರಲಿ ಎನ್ನುವವರು ಇದ್ದಾರೆ. ಸರ್ಕಾರದ ಒಲವು ಬಹಳ ಸಲ ಈ ಕಡೆಗೇ ಇರುತ್ತದೆ. ಇನ್ನು ಕೆಲವರು, ಬರುತ್ತಿರುವವರು ಪರೀಕ್ಷೆಗೆ ಓದುವವರು, ಅವರಿಗೆ ಬೇಕಾದ ಅಧ್ಯಯನ ಕೇಂದ್ರವನ್ನೇ ಕಟ್ಟಿ ಎನ್ನುತ್ತಾರೆ. ಚೆಸ್, ಕಥೆ, ಕಂಪ್ಯೂಟರ್, ಸಿನಿಮಾ, ಚರ್ಚೆ ಎಲ್ಲ ಇರುವ ಊರಿನ ಕೂಟದ ಜಾಗ ಆಗಲಿ ಎನ್ನುವವರೂ ಇದ್ದಾರೆ. ಇದೆಲ್ಲ ಗದ್ದಲ ಬೇಡ, ಗ್ರಂಥಾಲಯ ಪುಸ್ತಕಕ್ಕೆ ಮತ್ತು ಮೌನಕ್ಕೆ ಮೀಸಲಾಗಿರಲಿ ಎಂಬುದು ಹಳೆಯ ಓದುಗರ ಮಾತು.

ಎಲ್ಲದರಲ್ಲೂ ಒಂದಿಷ್ಟು ಸತ್ಯ ಇದೆ. ಪರೀಕ್ಷೆಗೆ ಓದುವವರನ್ನು 'ನಿಜವಾದ ಓದುಗರಲ್ಲ' ಎಂದು ಕೀಳಾಗಿ ನೋಡುವುದು ಮಾತ್ರ ಸರಿಯಲ್ಲ. ಬಡ ಮನೆಯ ಮಕ್ಕಳಿಗೆ ಗ್ರಂಥಾಲಯದ ಕುರ್ಚಿ ಬದುಕಿನ ಪ್ರಶ್ನೆ. ಆದರೆ ಇಡೀ ಕಟ್ಟಡವನ್ನು ಅವರಿಗೇ ಬಿಟ್ಟುಕೊಟ್ಟರೆ ಮಕ್ಕಳು ಬರುವುದು ನಿಲ್ಲುತ್ತದೆ. ಸದ್ದು ಮಾಡಬೇಡಿ ಎಂದು ಗದರಿಸಿಕೊಂಡ ಮಗು ಮತ್ತೆ ಆ ಬಾಗಿಲು ದಾಟುವುದಿಲ್ಲ. ಒಂದೇ ಕೋಣೆಯ ಗ್ರಂಥಾಲಯದಲ್ಲಿ ಈ ಜಗಳ ತಪ್ಪಿದ್ದಲ್ಲ. ಹಾಗಾಗಿ ಮೊದಲ ಬೇಡಿಕೆ ಜಾಗದ್ದು: ದೊಡ್ಡವರಿಗೆ ಒಂದು ಕೋಣೆ, ಮಕ್ಕಳಿಗೆ ಇನ್ನೊಂದು. ಅಷ್ಟು ಜಾಗ ಇಲ್ಲದ ಕಡೆ ಹೊತ್ತನ್ನಾದರೂ ಹಂಚಬಹುದು.

ಆ್ಯಪ್ ಯಾಕೆ ಸಾಲದು

ಕರ್ನಾಟಕದಲ್ಲಿ 2020ರಲ್ಲಿ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಶುರುವಾಯಿತು. ಕೋವಿಡ್ ಸಮಯದಲ್ಲಿ ಶಾಲೆ ಕಾಲೇಜು ಮುಚ್ಚಿದ್ದಾಗ ಅದು ಎಷ್ಟೋ ಜನರಿಗೆ ಉಪಯೋಗಕ್ಕೆ ಬಂತು. ಕೇಂದ್ರ ಸರ್ಕಾರ 2023ರ ಬಜೆಟ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಘೋಷಿಸಿತು. ಆ ಘೋಷಣೆಯಲ್ಲಿ ಇನ್ನೊಂದು ಮಾತೂ ಇತ್ತು. ಪಂಚಾಯಿತಿ ಮತ್ತು ವಾರ್ಡ್ ಮಟ್ಟದಲ್ಲಿ ಕಟ್ಟಡ ಇರುವ ಗ್ರಂಥಾಲಯಗಳನ್ನು ತೆರೆಯಲು ರಾಜ್ಯಗಳನ್ನು ಪ್ರೋತ್ಸಾಹಿಸಲಾಗುವುದು ಎಂದು. ಚರ್ಚೆಯಲ್ಲಿ ಮೊದಲ ಅರ್ಧ ಮಾತ್ರ ಉಳಿದುಕೊಂಡಿತು.

ಡಿಜಿಟಲ್ ದಾರಿಗೆ ಕೆಲವು ಗಟ್ಟಿ ಅಡ್ಡಿಗಳಿವೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಹಾಗಾಗಿ ಯುವಜನ ಓದಲು ಬಯಸುವ ಇವತ್ತಿನ ಕನ್ನಡ ಪುಸ್ತಕಗಳನ್ನು ಸುಮ್ನೆ ಸ್ಕ್ಯಾನ್ ಮಾಡಿ ಹಾಕಲು ಬರುವುದಿಲ್ಲ. ಲೇಖಕರು, ಪ್ರಕಾಶಕರ ಜೊತೆ ಒಪ್ಪಂದ ಆಗಬೇಕು, ಅವರಿಗೆ ಹಣ ಸಲ್ಲಬೇಕು. ಅದು ಆಗದಿದ್ದರೆ ಆ್ಯಪ್‌ನಲ್ಲಿ ಉಳಿಯುವುದು ಹಕ್ಕು ಮುಗಿದ ಹಳೆಯ ಪುಸ್ತಕ, ಪಠ್ಯಪುಸ್ತಕ, ಪರೀಕ್ಷೆಯ ಪ್ರಶ್ನೆಪತ್ರಿಕೆ. ಅವೂ ಬೇಕು, ಆದರೆ ಅಷ್ಟಕ್ಕೇ ಹದಿನೈದರ ಹುಡುಗ ಆ್ಯಪ್ ತೆರೆಯುವುದಿಲ್ಲ. ಮಕ್ಕಳ ಪುಸ್ತಕಗಳಲ್ಲಿ ಮಾತ್ರ ಸ್ಥಿತಿ ಚೆನ್ನಾಗಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಸಚಿತ್ರ ಕಥೆಗಳನ್ನು ಯಾರು ಬೇಕಾದರೂ ಓದಬಹುದು, ಮುದ್ರಿಸಿಕೊಳ್ಳಲೂಬಹುದು.

ಎರಡನೆಯ ಅಡ್ಡಿ ಫೋನಿನದ್ದೇ. ಗ್ರಂಥಾಲಯದ ಆ್ಯಪ್ ಇರುವುದು ರೀಲ್ಸ್, ಗೇಮ್ ಇರುವ ಅದೇ ಪರದೆಯಲ್ಲಿ. ಗಮನ ಸೆಳೆಯುವುದಕ್ಕೇ ಕೋಟಿಗಟ್ಟಲೆ ಸುರಿಯುವ ಕಂಪನಿಗಳ ಎದುರು ಸರ್ಕಾರಿ ಆ್ಯಪ್ ಗೆಲ್ಲುವುದು ಕಷ್ಟ ಅಲ್ವಾ? ಇನ್ನು ನೋಂದಣಿಯ ಸಂಖ್ಯೆ. ಎಷ್ಟು ಲಕ್ಷ ಜನ ಹೆಸರು ಬರೆಸಿದರು ಎಂಬುದನ್ನು ಹೇಳುವುದು ಸುಲಭ. ಎಷ್ಟು ಜನ ಪುಸ್ತಕ ಓದಿ ಮುಗಿಸಿದರು ಎಂಬುದೇ ಮುಖ್ಯವಾದ ಲೆಕ್ಕ.

ಕಪಾಟಿಗೆ ಪುಸ್ತಕ ಬರುವ ದಾರಿ

ಯುವಜನ ಎರವಲು ವಿಭಾಗದ ಕಡೆ ಯಾಕೆ ಹೋಗುವುದಿಲ್ಲ ಎಂಬುದಕ್ಕೆ ದೊಡ್ಡ ಕಾರಣ ಇಲ್ಲಿದೆ. ಗ್ರಂಥಾಲಯ ಇಲಾಖೆ ಕನ್ನಡ ಪುಸ್ತಕಗಳನ್ನು ಸಗಟು ಖರೀದಿಯಲ್ಲಿ ಕೊಳ್ಳುತ್ತದೆ. ಒಂದು ವರ್ಷ ಪ್ರಕಟವಾದ ಪುಸ್ತಕಗಳಿಗೆ ಪ್ರಕಾಶಕರು ಅರ್ಜಿ ಹಾಕುತ್ತಾರೆ. ರಾಜ್ಯಮಟ್ಟದ ಆಯ್ಕೆ ಸಮಿತಿ ಪಟ್ಟಿ ಮಾಡುತ್ತದೆ. ಪುಟಕ್ಕೆ ಇಷ್ಟು ಎಂದು ದರ ನಿಗದಿ ಆಗುತ್ತದೆ. ಆಯ್ಕೆಯಾದ ಪುಸ್ತಕವನ್ನು ಸಾಮಾನ್ಯವಾಗಿ 300 ಪ್ರತಿ ಕೊಳ್ಳುತ್ತಾರೆ.

ಈ ಯೋಜನೆಯಿಂದ ಕನ್ನಡಕ್ಕೆ ಉಪಕಾರ ಆಗಿದೆ. ಬೇರೆಲ್ಲೂ ಮಾರಾಟವಾಗದ ಕವನ ಸಂಕಲನ, ಸಂಶೋಧನೆ, ವಿಮರ್ಶೆಯ ಪುಸ್ತಕಗಳು ಮುದ್ರಣ ಆಗುತ್ತಿರುವುದಕ್ಕೆ ಈ 300 ಪ್ರತಿಯ ಭರವಸೆಯೂ ಕಾರಣ. ಸಣ್ಣ ಪ್ರಕಾಶಕರು ಇದನ್ನೇ ನಂಬಿಕೊಂಡಿದ್ದಾರೆ. ಖರೀದಿ ತಡವಾದಾಗ, ಹಣ ಬಾಕಿ ಉಳಿದಾಗ ಅವರು ಬೀದಿಗಿಳಿಯುವುದು ಇದಕ್ಕೇ.

ಆದರೆ ಓದುಗರ ಕಡೆಯಿಂದ ನೋಡಿ. ಅರ್ಜಿ, ಆಯ್ಕೆ, ಆದೇಶ, ಸರಬರಾಜು ಮುಗಿಯುವ ಹೊತ್ತಿಗೆ ಪುಸ್ತಕ ಹಳತಾಗಿರುತ್ತದೆ. ಜನ ಅದರ ಬಗ್ಗೆ ಮಾತಾಡುವ ಕಾಲ ಕಳೆದಿರುತ್ತದೆ. 300 ಪ್ರತಿ ಅಂದರೆ 31 ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ಹತ್ತರ ಆಸುಪಾಸು. ಎಲ್ಲರೂ ಕೇಳುವ ಪುಸ್ತಕಕ್ಕೂ ಯಾರೂ ಕೇಳದ ಪುಸ್ತಕಕ್ಕೂ ಹೆಚ್ಚುಕಡಿಮೆ ಒಂದೇ ಸಂಖ್ಯೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ, ಕನ್ನಡ ಓದದ ಯುವಕರೂ ಅವರ ಕಥೆ ಓದಬೇಕು ಎಂದು ಹುಡುಕಾಡಿದರು. ಇಂಥ ಬೇಡಿಕೆ ಬಂದ ವಾರದಲ್ಲೇ ಹತ್ತು ಪ್ರತಿ ಕೊಳ್ಳುವ ಅಧಿಕಾರ, ಹಣ ಎರಡೂ ವಾರ್ಡಿನ ಗ್ರಂಥಪಾಲಕರ ಕೈಯಲ್ಲಿ ಇರಬೇಕು. ಈಗಿನ ವ್ಯವಸ್ಥೆ ನಡೆಯುವುದು ರಾಜಧಾನಿಯ ಪಟ್ಟಿಯ ಮೇಲೆ. ಓದುಗ ಹೇಳಿದ್ದು ಪಟ್ಟಿಯವರೆಗೆ ಹೋಗುವ ದಾರಿ ಬಹಳ ಕಿರಿದು.

ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. 1962ರಲ್ಲಿ ಇಲ್ಲಿ ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. 1931ರಲ್ಲಿ ಅವರು ಮುಂದಿಟ್ಟ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು ಎರಡನೆಯದು. ಸಗಟು ಖರೀದಿ ಪ್ರಕಾಶಕರನ್ನು ಉಳಿಸುತ್ತದೆ ನಿಜ. ಈ ಎರಡನೆಯ ಸೂತ್ರ ಪಾಲಿಸಲು ಅದೊಂದೇ ಸಾಲದು. ಖರೀದಿಯ ಹಣದಲ್ಲಿ ಒಂದು ಪಾಲನ್ನು ಸ್ಥಳೀಯ ಬೇಡಿಕೆಗೆ ಎತ್ತಿಟ್ಟರೆ ಪ್ರಕಾಶಕರಿಗೂ ನಷ್ಟ ಆಗಬೇಕಿಲ್ಲ.

ಆರು ಪೈಸೆಯ ಲೆಕ್ಕ

ಇಷ್ಟೆಲ್ಲಕ್ಕೆ ಹಣ ಎಲ್ಲಿದೆ ಎಂಬ ಪ್ರಶ್ನೆ ಬರುತ್ತದೆ. ಉತ್ತರ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಲ್ಲೇ ಇದೆ. ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಸೆಸ್ ಸಂಗ್ರಹಿಸಬೇಕು. ಈಗ ಅದು ರೂಪಾಯಿಗೆ ಆರು ಪೈಸೆ. ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ಮೇಲೆ ಬೀಳುವ ಶೇ 24ರ ಸೆಸ್‌ನಲ್ಲಿ ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ಮನೆಗೆ 5,000 ರೂಪಾಯಿ ತೆರಿಗೆ ಇದ್ದರೆ ಅದರ ಮೇಲೆ 300 ರೂಪಾಯಿ ಗ್ರಂಥಾಲಯಕ್ಕೆಂದೇ ಕಟ್ಟಿರುತ್ತೀರಿ.

ಕಾನೂನಿನ ಉದ್ದೇಶ ಒಳ್ಳೆಯದು. ಗ್ರಂಥಾಲಯ ಪ್ರತಿ ವರ್ಷ ಬಜೆಟ್‌ನಲ್ಲಿ ಕೈಚಾಚಿ ನಿಲ್ಲಬಾರದು, ಅದಕ್ಕೆ ತನ್ನದೇ ಆದಾಯ ಇರಬೇಕು ಎಂಬುದು. ಊರು ಬೆಳೆದ ಹಾಗೆ ತೆರಿಗೆ ಬೆಳೆಯುತ್ತದೆ, ಅದರ ಜೊತೆ ಗ್ರಂಥಾಲಯದ ಹಣವೂ ಬೆಳೆಯುತ್ತದೆ. ತೊಡಕು ಇರುವುದು ಹಣ ಕೈ ಬದಲಾಯಿಸುವ ಜಾಗದಲ್ಲಿ. ಸಂಗ್ರಹಿಸುವುದು ಪಾಲಿಕೆ. ಖರ್ಚು ಮಾಡಬೇಕಾದದ್ದು ಗ್ರಂಥಾಲಯ ಪ್ರಾಧಿಕಾರ. ಪಾಲಿಕೆಗೆ ಹಣದ ಮುಗ್ಗಟ್ಟು ಬಂದಾಗ ಸೆಸ್ ಅಲ್ಲೇ ಉಳಿಯುತ್ತದೆ. ಹಾಗೆ ಉಳಿದು ಉಳಿದು ಬೆಂಗಳೂರೊಂದರಲ್ಲೇ ಬಾಕಿ ನೂರಾರು ಕೋಟಿಗೆ ಮುಟ್ಟಿತು. ಇದು ಜನ ಆಗಲೇ ಕಟ್ಟಿದ ಹಣ ಎಂಬುದನ್ನು ಮರೆಯಬಾರದು.

ಹಣ ಬಾರದಿದ್ದರೆ ಮುಂದೆ ಏನೇನು ಆಗುತ್ತದೆ? ಖಾಲಿ ಹುದ್ದೆ ತುಂಬುವುದಿಲ್ಲ. ಹೊರಗುತ್ತಿಗೆಯ ಒಬ್ಬರೇ ಸಿಬ್ಬಂದಿ ಬಾಗಿಲು ತೆಗೆದು, ಕಸ ಗುಡಿಸಿ, ಪುಸ್ತಕ ಕೊಟ್ಟು, ಬಾಗಿಲು ಹಾಕಬೇಕಾಗುತ್ತದೆ. ಒಬ್ಬರೇ ಇರುವುದರಿಂದ ಇಡೀ ದಿನ ತೆರೆಯಲಾಗುವುದಿಲ್ಲ. ಇಡೀ ದಿನ ತೆರೆಯದ ಕಾರಣ ಯುವಜನ ಬರುವುದಿಲ್ಲ. ಬಾರದಿರುವುದನ್ನು ತೋರಿಸಿ 'ಓದುಗರೇ ಇಲ್ಲ, ಹಣ ಯಾಕೆ' ಎಂದು ಕೇಳುವುದು ಸುಲಭವಾಗುತ್ತದೆ. ಬೆಂಗಳೂರಿನಲ್ಲಿ ಇನ್ನೊಂದು ಕಾರಣವೂ ಸೇರಿತು. 2020ರ ಸೆಪ್ಟೆಂಬರ್‌ನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ವಾರ್ಡಿಗೆ ಕಾರ್ಪೊರೇಟರ್ ಇರಲಿಲ್ಲ. ನಮ್ಮ ವಾರ್ಡಿನ ಗ್ರಂಥಾಲಯ ಯಾಕೆ ಮುಚ್ಚಿದೆ ಎಂದು ಯಾರನ್ನು ಹಿಡಿದು ಕೇಳಬೇಕು ಎಂಬುದೇ ಜನರಿಗೆ ತಿಳಿಯದಾಯಿತು.

ಹಳ್ಳಿಯಲ್ಲಿ ಬೇರೆಯೇ ನಡೆಯಿತು

2019ರಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ಆಗ ವಿರೋಧವೂ ಇತ್ತು, ಅನುಮಾನವೂ ಇತ್ತು. ಚರಂಡಿ, ರಸ್ತೆ ನೋಡಿಕೊಳ್ಳುವ ಪಂಚಾಯಿತಿ ಪುಸ್ತಕ ನೋಡಿಕೊಳ್ಳುತ್ತದೆಯೇ ಎಂದು.

ವರ್ಗಾವಣೆಯ ಫಲ ನಿಧಾನವಾಗಿ ಕಂಡಿತು. ಸೆಸ್ ಸಂಗ್ರಹಿಸುವವರು, ಗ್ರಂಥಾಲಯ ನಡೆಸುವವರು ಇಬ್ಬರೂ ಪಂಚಾಯಿತಿಯವರೇ ಆದರು. ಜಾಗ ಇಲ್ಲ ಎಂದರೆ ಪಂಚಾಯಿತಿಯೇ ಹಳೆಯ ಕಟ್ಟಡ ರಿಪೇರಿ ಮಾಡಿಸಬಹುದು, ಸುಣ್ಣಬಣ್ಣ ಹೊಡೆಸಬಹುದು, ದಾನಿಗಳಿಂದ ಕಂಪ್ಯೂಟರ್ ತರಿಸಬಹುದು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ, ಹಳ್ಳಿಯ ಮಕ್ಕಳನ್ನು ಗ್ರಂಥಾಲಯಕ್ಕೆ ಕರೆತರುವ 'ಓದುವ ಬೆಳಕು' ಕಾರ್ಯಕ್ರಮ ಶುರುವಾಯಿತು. ಮಕ್ಕಳಿಗೆ ಸದಸ್ಯತ್ವ ಉಚಿತ. ಆ ಒಂದು ತೀರ್ಮಾನದಿಂದ ಲಕ್ಷಾಂತರ ಮಕ್ಕಳು ಮೊದಲ ಬಾರಿಗೆ ಗ್ರಂಥಾಲಯದ ಸದಸ್ಯರಾದರು. ಈಗ ಈ ಪಂಚಾಯಿತಿ ಗ್ರಂಥಾಲಯಗಳ ಹೆಸರು ಅರಿವು ಕೇಂದ್ರ. ಗಟ್ಟಿಯಾಗಿ ಕಥೆ ಓದುವುದು, ಚೆಸ್, ಚಿತ್ರ, ಕಂಪ್ಯೂಟರ್ ಕಲಿಯುವುದು ಇಲ್ಲಿ ನಡೆಯುತ್ತವೆ.

ಹಳ್ಳಿಯ ಹೆಣ್ಣುಮಕ್ಕಳಿಗೆ ಇದರ ಬೆಲೆ ಬೇರೆಯೇ. ಹುಡುಗರಿಗೆ ಕಟ್ಟೆ ಇದೆ, ಮೈದಾನ ಇದೆ, ಬಸ್‌ಸ್ಟ್ಯಾಂಡ್ ಇದೆ. ಶಾಲೆ ಬಿಟ್ಟ ಮೇಲೆ ಹುಡುಗಿ ಒಂದು ಗಂಟೆ ಹೋಗಿ ಕೂತರೆ ಮನೆಯವರು ಬೇಡ ಅನ್ನದ ಸಾರ್ವಜನಿಕ ಜಾಗ ಗ್ರಂಥಾಲಯದ ಹೊರತು ಹೆಚ್ಚಿಲ್ಲ. ಮನೆಯಲ್ಲಿ ಫೋನು ಒಂದೇ ಇದ್ದಾಗ ಅದು ಮೊದಲು ಸಿಗುವುದೂ ಅಣ್ಣನಿಗೇ. ಅಂಥ ಹುಡುಗಿಗೆ ಅರಿವು ಕೇಂದ್ರದ ಕಂಪ್ಯೂಟರೇ ಇಂಟರ್‌ನೆಟ್ಟಿನ ಬಾಗಿಲು.

ಇಲ್ಲೂ ಕೊರತೆ ಇದೆ. ಎಲ್ಲ ಪಂಚಾಯಿತಿಗಳೂ ಒಂದೇ ಥರ ಇಲ್ಲ. ಮುತುವರ್ಜಿ ಇರುವ ಪಿಡಿಒ, ಅಧ್ಯಕ್ಷರು ಇರುವ ಕಡೆ ಗ್ರಂಥಾಲಯ ಅರಳಿದೆ, ಇಲ್ಲದ ಕಡೆ ಬೀಗ ಬಿದ್ದಿದೆ. ನಡೆಸುವ ಮೇಲ್ವಿಚಾರಕರು ಎಷ್ಟೋ ವರ್ಷ ಅಲ್ಪ ಗೌರವಧನಕ್ಕೆ ದುಡಿದವರು. ಸಂಬಳಕ್ಕಾಗಿ, ಸೇವಾ ಭದ್ರತೆಗಾಗಿ ಅವರು ಮತ್ತೆ ಮತ್ತೆ ಹೋರಾಡಿದ್ದಾರೆ. ಮಗುವಿಗೆ ಯಾವ ಪುಸ್ತಕ ಕೊಡಬೇಕು, ಸ್ಕಾಲರ್‌ಶಿಪ್ ಅರ್ಜಿ ಹೇಗೆ ತುಂಬಬೇಕು, ಒಟಿಪಿ ಕೇಳುವ ಮೋಸದ ಕರೆಯನ್ನು ಹೇಗೆ ಗುರುತಿಸಬೇಕು ಎಂದು ಹೇಳಿಕೊಡಬೇಕಾದವರು ಇವರೇ. ಕಂಪ್ಯೂಟರ್‌ಗೆ ದಾನಿಗಳು ಸಿಗುತ್ತಾರೆ. ಈ ಮನುಷ್ಯರ ಸಂಬಳಕ್ಕೆ ದಾನಿಗಳು ಸಿಗುವುದಿಲ್ಲ, ಅದನ್ನು ಸರ್ಕಾರವೇ ಕೊಡಬೇಕು.

ಗೂಗಲ್‌ನಲ್ಲಿ ಸಿಗದ್ದು

ಇಂಟರ್‌ನೆಟ್ಟಿನಲ್ಲೇ ಬೆಳೆದವರಿಗೆ ಗ್ರಂಥಾಲಯ ಏನನ್ನು ಹೊಸದಾಗಿ ಕೊಡಬಹುದು ಎಂಬುದಕ್ಕೆ ಒಂದು ಒಳ್ಳೆಯ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಶಾಸನ ತಜ್ಞ ಬಿ.ಎಲ್. ರೈಸ್ ಅವರ ಮುಂದಾಳತ್ವದಲ್ಲಿ ಹಳೆಯ ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ಸುತ್ತಿ ದಾಖಲಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಿವೆ. ಬೆಂಗಳೂರು ಜಿಲ್ಲೆಯ ಸಂಪುಟ ಬಂದದ್ದು 1905ರಲ್ಲಿ. ತಾಲ್ಲೂಕು, ಊರಿನ ಹೆಸರಿನ ಪ್ರಕಾರ ಎಲ್ಲಿ ಯಾವ ಕಲ್ಲು ಇದೆ ಎಂದು ಅದರಲ್ಲಿ ಬರೆದಿದೆ. ನೂರು ವರ್ಷದ ಮೇಲೆ ಆಸಕ್ತರು ಆ ಪಟ್ಟಿ ಹಿಡಿದು ಅಪಾರ್ಟ್‌ಮೆಂಟು, ಕೆರೆ, ದೇವಸ್ಥಾನಗಳ ನಡುವೆ ಉಳಿದ ಕಲ್ಲುಗಳನ್ನು ಹುಡುಕಿದರು. 2021ರಿಂದ ಇತಿಹಾಸ ಅಧ್ಯಯನದ ಸಂಸ್ಥೆ ಮಿಥಿಕ್ ಸೊಸೈಟಿ ಈ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಮಾಡುತ್ತಿದೆ. ಹಳೆಯ ಪುಸ್ತಕದ ಮಾಹಿತಿಯೂ ಹೊಸ ತಲೆಮಾರಿಗೆ ಗೊತ್ತಿರುವ ತಂತ್ರಜ್ಞಾನವೂ ಇಲ್ಲಿ ಒಟ್ಟಿಗೆ ಕೆಲಸ ಮಾಡಿದವು.

ಪ್ರತಿ ತಾಲ್ಲೂಕಿನ ಗ್ರಂಥಾಲಯಕ್ಕೂ ಇದು ಸಾಧ್ಯ. ನಮ್ಮ ಊರಿನ ಕೆರೆ ಕಟ್ಟಿಸಿದ್ದು ಯಾರು, ಇಲ್ಲಿಯ ಸಂತೆ ಯಾವಾಗ ಶುರುವಾಯಿತು, ಹಿಂದಿನ ಬರಗಾಲದಲ್ಲಿ ಜನ ಏನು ಮಾಡಿದರು ಎಂದು ಹೈಸ್ಕೂಲ್ ಹುಡುಗಿ ಕನ್ನಡದಲ್ಲಿ ಫೋನಿಗೆ ಕೇಳಿದರೆ ಸಿಗುವ ಉತ್ತರ ತೀರಾ ಕಡಿಮೆ. ಸಿಕ್ಕಿದ್ದು ತಪ್ಪಾಗಿರುವ ಸಾಧ್ಯತೆ ಜಾಸ್ತಿ. ಈಗಿನ ಎಐ ಚಾಟ್‌ಬಾಟ್‌ಗಳು ಗೊತ್ತಿಲ್ಲದ್ದನ್ನೂ ಗೊತ್ತಿರುವ ಹಾಗೆ ಹೇಳಿಬಿಡುತ್ತವೆ. ಕನ್ನಡದ ಊರುಗಳ ಮಾಹಿತಿ ಇಂಟರ್‌ನೆಟ್ಟಿನಲ್ಲಿ ತೆಳ್ಳಗಿರುವುದೂ ಇದಕ್ಕೆ ಒಂದು ಕಾರಣ. ಜಿಲ್ಲಾ ಗೆಜೆಟಿಯರ್, ಸ್ಥಳೀಯ ಪತ್ರಿಕೆಗಳ ಹಳೆಯ ಸಂಚಿಕೆ, ಊರ ಲೇಖಕರ ಸಣ್ಣ ಪುಸ್ತಕಗಳು, ಶಾಲೆಯ ಸ್ಮರಣ ಸಂಚಿಕೆಗಳು ಒಂದು ಕಪಾಟಿನಲ್ಲಿ ಸೇರಿದರೆ ಆ ಗ್ರಂಥಾಲಯದಲ್ಲಿ ಇರುವುದು ಬೇರೆಲ್ಲೂ ಇರುವುದಿಲ್ಲ. ಅದನ್ನು ನೋಡಿ ಕನ್ನಡ ವಿಕಿಪೀಡಿಯದಲ್ಲಿ ತಮ್ಮ ಊರಿನ ಪುಟ ಬರೆಯುವುದನ್ನು ಕಾಲೇಜು ಮಕ್ಕಳಿಗೆ ಕಲಿಸಬಹುದು. ಫೋನಿನಲ್ಲಿ ಬಂದದ್ದನ್ನು ಮೂಲದ ಜೊತೆ ಹೋಲಿಸಿ ನೋಡುವ ಅಭ್ಯಾಸ ಬರುವುದು ಹೀಗೆಯೇ. ಇದಕ್ಕೆ ದೊಡ್ಡ ಹಣ ಬೇಡ. ತಿಳಿದ ಗ್ರಂಥಪಾಲಕರೊಬ್ಬರು, ಅವರಿಗೆ ಸ್ವಲ್ಪ ಬಿಡುವು ಬೇಕು.

ನೆರೆಯವರು, ದೂರದವರು

ತಮಿಳುನಾಡು ದೊಡ್ಡ ಕಟ್ಟಡಗಳ ದಾರಿ ಹಿಡಿದಿದೆ. ಚೆನ್ನೈನ ಅಣ್ಣಾ ಶತಮಾನೋತ್ಸವ ಗ್ರಂಥಾಲಯ 2010ರಲ್ಲಿ, ಮದುರೈನ ಕಲೈಞರ್ ಶತಮಾನೋತ್ಸವ ಗ್ರಂಥಾಲಯ 2023ರಲ್ಲಿ ತೆರೆದವು. ಅಣ್ಣಾ ಗ್ರಂಥಾಲಯದಲ್ಲಿ ಸ್ವಂತ ಪುಸ್ತಕ ತಂದು ಓದುವವರಿಗೇ ಬೇರೆ ವಿಭಾಗ ಇದೆ, ಮಕ್ಕಳಿಗೆ ಬೇರೆ ವಿಭಾಗ ಇದೆ. ನಮ್ಮಲ್ಲಿ ಕುರ್ಚಿಗಾಗಿ ನಡೆಯುವ ಜಗಳಕ್ಕೆ ಅಲ್ಲಿ ಕಟ್ಟಡದ ನಕ್ಷೆಯಲ್ಲೇ ಉತ್ತರ ಕೊಟ್ಟಿದ್ದಾರೆ. ಸರ್ಕಾರ ಬದಲಾದಾಗ 2011ರಲ್ಲಿ ಆ ಗ್ರಂಥಾಲಯವನ್ನು ಆಸ್ಪತ್ರೆ ಮಾಡುವ ಪ್ರಯತ್ನ ನಡೆದು, ಮದ್ರಾಸ್ ಹೈಕೋರ್ಟ್ ತಡೆಯಬೇಕಾಯಿತು ಎಂಬುದೂ ನೆನಪಿರಲಿ. ಕೇರಳದ್ದು ಇನ್ನೊಂದು ದಾರಿ. 1945ರಿಂದ ಪಿ.ಎನ್. ಪಣಿಕ್ಕರ್ ಕಟ್ಟಿದ ಗ್ರಂಥಾಲಯ ಚಳವಳಿಯಲ್ಲಿ ಊರ ಜನರೇ ಸಮಿತಿ ಮಾಡಿಕೊಂಡು ನಡೆಸುತ್ತಾರೆ, ಸರ್ಕಾರ ಅನುದಾನ ಕೊಡುತ್ತದೆ.

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 2018ರ ಡಿಸೆಂಬರ್‌ನಲ್ಲಿ ತೆರೆದ ಊಡಿ ಗ್ರಂಥಾಲಯದ ಹೆಸರು ಈ ಚರ್ಚೆಯಲ್ಲಿ ಪದೇ ಪದೇ ಬರುತ್ತದೆ. ಅಲ್ಲಿ ಹೊಲಿಗೆ ಯಂತ್ರ, ತ್ರೀಡಿ ಪ್ರಿಂಟರ್, ಸಂಗೀತದ ಸ್ಟುಡಿಯೊ ಇವೆ. ಆದರೆ ಮೇಲಿನ ಮಹಡಿ ಪೂರ್ತಿ ಪುಸ್ತಕಗಳದ್ದು, ಸುಮಾರು ಒಂದು ಲಕ್ಷ ಪುಸ್ತಕ. ಯಂತ್ರಗಳನ್ನಷ್ಟೇ ನೋಡಿ ಬಂದು ಇಲ್ಲಿ ನಕಲು ಮಾಡಿದರೆ ಅರ್ಧ ಮಾತ್ರ ನೋಡಿದ ಹಾಗಾಗುತ್ತದೆ. ನ್ಯೂಯಾರ್ಕಿನ ಗ್ರಂಥಾಲಯಗಳು 2021ರಲ್ಲಿ ತಡವಾಗಿ ಪುಸ್ತಕ ಮರಳಿಸಿದವರ ದಂಡವನ್ನೇ ತೆಗೆದುಹಾಕಿದವು. ದಂಡಕ್ಕೆ ಹೆದರಿ ದೂರ ಉಳಿಯುವವರು ಬಡ ಮನೆಯ ಮಕ್ಕಳೇ ಎಂಬುದು ಅದಕ್ಕೆ ಕಾರಣ. ನಮ್ಮ ನಗರಗಳಲ್ಲಿ 18ರ ಒಳಗಿನವರಿಗೆ, ವಿದ್ಯಾರ್ಥಿಗಳಿಗೆ ಠೇವಣಿ ತೆಗೆದು, ಕಾಲೇಜಿನ ಗುರುತಿನ ಚೀಟಿ ಸಾಕು ಎನ್ನಲು ಹೊಸ ಕಟ್ಟಡವೇನೂ ಬೇಕಿಲ್ಲ. ಹಳ್ಳಿಯಲ್ಲಿ ಮಕ್ಕಳಿಗೆ ಮಾಡಿದ್ದನ್ನೇ ಪೇಟೆಯಲ್ಲೂ ಮಾಡಬಹುದು.

ಈಗ ಗಮನಿಸಬೇಕಾದದ್ದು

ಈಗಿರುವ ಹಾಗೇ ಬಿಟ್ಟರೆ ನಗರದ ಗ್ರಂಥಾಲಯ ಪರೀಕ್ಷೆಗೆ ಓದುವವರ ಕೋಣೆಯಾಗಿ ಮಾತ್ರ ಉಳಿಯುತ್ತದೆ. ಅದೂ ಸಾಲದೆ, ಕಾಸಿದ್ದವರು ಖಾಸಗಿ ಸ್ಟಡಿ ರೂಮಿಗೆ ಹೋಗುತ್ತಾರೆ, ಇಲ್ಲದವರು ಮೆಟ್ಟಿಲ ಮೇಲೆ ಕೂರುತ್ತಾರೆ. ಪೇಟೆಯ ಬಡ ಮಗುವಿಗೆ ಹಳ್ಳಿಯ ಮಗುವಿಗಿಂತ ಕಡಿಮೆ ಸೌಲಭ್ಯ ಸಿಗುವ ವಿಚಿತ್ರ ಸ್ಥಿತಿ ಬರಬಹುದು. ಹಳ್ಳಿಯಲ್ಲಿ ಉಚಿತ ಸದಸ್ಯತ್ವ, ಪೇಟೆಯಲ್ಲಿ ಠೇವಣಿ ಎಂಬ ವ್ಯತ್ಯಾಸ ಈಗಲೇ ಇದೆ.

ಬೆಂಗಳೂರಿನ ಐದು ಪಾಲಿಕೆಗಳು ತಮ್ಮ ಲೆಕ್ಕಪತ್ರ ಬೇರೆ ಮಾಡಿಕೊಳ್ಳುವ ಈ ಹೊತ್ತು ಮುಖ್ಯ. ಹಳೆಯ ಬಾಕಿಯನ್ನು ಐದಕ್ಕೆ ಹೇಗೆ ಹಂಚುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ತೀರ್ಮಾನಿಸದಿದ್ದರೆ ಪ್ರತಿ ಪಾಲಿಕೆಯೂ ಅದು ತನ್ನ ಕಾಲದ್ದಲ್ಲ ಎನ್ನಬಹುದು. ಸಂಗ್ರಹವಾದ ಸೆಸ್ ಸೀದಾ ಗ್ರಂಥಾಲಯದ ಖಾತೆಗೆ ಹೋಗುವ ಹಾಗೆ ಮಾಡುವುದು ಇನ್ನೂ ಒಳ್ಳೆಯದು. ಆನ್‌ಲೈನಿನಲ್ಲಿ ತೆರಿಗೆ ಕಟ್ಟುವ ಈ ಕಾಲದಲ್ಲಿ ಪಾವತಿ ಆದ ಕೂಡಲೇ ಆರು ಪೈಸೆ ಬೇರೆ ಮಾಡುವುದು ತಾಂತ್ರಿಕವಾಗಿ ಕಷ್ಟದ ಕೆಲಸವಲ್ಲ.

ತಮ್ಮ ಪಾಲಿಕೆ ಅಥವಾ ಪುರಸಭೆ ಕಳೆದ ವರ್ಷ ಎಷ್ಟು ಗ್ರಂಥಾಲಯ ಸೆಸ್ ಸಂಗ್ರಹಿಸಿತು, ಅದರಲ್ಲಿ ಎಷ್ಟನ್ನು ಗ್ರಂಥಾಲಯಕ್ಕೆ ಕೊಟ್ಟಿತು, ವಾರ್ಡಿನ ಶಾಖೆಯಲ್ಲಿ ಎಷ್ಟು ಹುದ್ದೆ ಖಾಲಿ ಇದೆ ಎಂದು ಯಾರು ಬೇಕಾದರೂ ಕೇಳಬಹುದು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರ ಕೊಡಲು ಇರುವ ಅವಧಿ 30 ದಿನ.